ಹೌವೌಟ್ ಕಟ್ಟಡ: ಲಿಫ್ಟಿಗಿಂತ ದೊಡ್ಡದು ಅದರ ಗೋಡೆ

ನ್ಯೂಯಾರ್ಕಿನ ಬ್ರಾಡ್‌ವೇ ಮತ್ತು ಬ್ರೂಮ್ ಬೀದಿ ಕೂಡುವ ಮೂಲೆಯಲ್ಲಿರುವ ಹೌವೌಟ್ ಕಟ್ಟಡದ ವಿಷಯ ಎತ್ತಿದರೆ ಮೊದಲು ಬರುವುದು ಲಿಫ್ಟಿನ ಮಾತು. ಎಲಿಶಾ ಓಟಿಸ್ ತನ್ನ ಮೊದಲ ಪ್ರಯಾಣಿಕ ಲಿಫ್ಟನ್ನು ಅಳವಡಿಸಿದ್ದು ಇಲ್ಲಿ, 1857ರ ಮಾರ್ಚ್ 23ರಂದು. ಉಗಿಯಂತ್ರದ ಬಲದಲ್ಲಿ ಅದು ನಿಮಿಷಕ್ಕೆ ಸುಮಾರು 40 ಅಡಿ ಏರುತ್ತಿತ್ತು. ಗಗನಚುಂಬಿಗಳ ಚರಿತ್ರೆ ಇಲ್ಲಿಂದಲೇ ಶುರು ಎಂದು ಹಲವರು ಬರೆದಿದ್ದಾರೆ. ಆದರೆ ಇದು ಐದೇ ಮಹಡಿಯ ಕಟ್ಟಡ, ಮೆಟ್ಟಿಲಿದ್ದರೂ ನಡೆಯುತ್ತಿತ್ತು. ಗಾಜು, ಬೆಳ್ಳಿ ಸಾಮಾನು, ಕೈಯಲ್ಲಿ ಚಿತ್ರ ಬಿಡಿಸಿದ ಪಿಂಗಾಣಿ ಮಾರುತ್ತಿದ್ದ ಇಲ್ಲಿನ ಹೌವೌಟ್ ಎಂಬ ಶ್ರೀಮಂತರ ಮಳಿಗೆಗೆ ಲಿಫ್ಟು ಗಿರಾಕಿಗಳನ್ನು ಸೆಳೆಯುವ ಹೊಸ ಬೆರಗೂ ಆಗಿತ್ತೆಂದು ನೋಡುವುದು ಹೆಚ್ಚು ಸರಿ. ಲಿಂಕನ್ನರ ಪತ್ನಿ ಮೇರಿ ಶ್ವೇತಭವನಕ್ಕೆ ಪಿಂಗಾಣಿ ತರಿಸಿದ್ದು ಈ ಮಳಿಗೆಯಿಂದಲೇ.

ನನ್ನ ದೃಷ್ಟಿಯಲ್ಲಿ ಕಟ್ಟಡದ ನಿಜವಾದ ಮಹತ್ವ ಅದರ ಬೀದಿಗೋಡೆಗಳಲ್ಲಿದೆ. ವಾಸ್ತುಶಿಲ್ಪಿ ಜಾನ್ ಗೇನರ್. ಕಬ್ಬಿಣದ ಎರಕ ಡೇನಿಯಲ್ ಬ್ಯಾಡ್ಜರ್‌ನ ಕಾರ್ಖಾನೆಯದು. ಮಾದರಿ ವೆನಿಸ್ಸಿನಲ್ಲಿ ಸಾನ್ಸೊವಿನೊ ಕಟ್ಟಿದ ಗ್ರಂಥಾಲಯ. ಒಂದು ಅಂಕಣವನ್ನು ಹತ್ತಿರದಿಂದ ನೋಡೋಣ: ಎರಡು ಕಿರುಗಂಬಗಳ ಮೇಲೆ ಒಂದು ಕಮಾನು, ಕಮಾನಿನೊಳಗೆ ಅಗಲವಾದ ಕಿಟಕಿ, ಅಕ್ಕಪಕ್ಕದಲ್ಲಿ ಪೀಠದ ಮೇಲೆ ನಿಂತ ದೊಡ್ಡ ಕೊರಿಂಥಿಯನ್ ಕಂಬಗಳು. ಮೇಲಿನ ಮಹಡಿಗಳ ಉದ್ದಕ್ಕೂ, ಎರಡೂ ಬೀದಿಗಳ ಕಡೆಗೆ, ಇದೇ ಅಂಕಣ ಮತ್ತೆ ಮತ್ತೆ ಬರುತ್ತದೆ. ಕಲ್ಲಿನಲ್ಲಾದರೆ ಪ್ರತಿ ಕಂಬಕ್ಕೂ ಶಿಲ್ಪಿಯ ಉಳಿ ತಾಗಬೇಕಿತ್ತು. ಎರಕದಲ್ಲಿ ಅಚ್ಚು ಒಮ್ಮೆ ಸಿದ್ಧವಾದರೆ ಮುಗಿಯಿತು. ಬಿಡಿಭಾಗಗಳನ್ನು ತಂದು ಸ್ಥಳದಲ್ಲೇ ಬೋಲ್ಟು ಹಾಕಿ ಜೋಡಿಸಬಹುದು. ಪುನರಾವರ್ತನೆಯನ್ನು ಕೆಲವರು ಏಕತಾನವೆಂದು ಹಳಿದಿದ್ದಾರೆ. ನಾನು ಒಪ್ಪಲಾರೆ. ಅಗ್ಗದ ತಯಾರಿಕೆಯ ಕ್ರಮವೇ ಇಲ್ಲಿ ಲಯವಾಗಿದೆ, ಮೂಲೆಯ ನಿವೇಶನದಲ್ಲಿ ಆ ಲಯ ಮುರಿಯದೆ ತಿರುಗುತ್ತದೆ.

ಉಪಯೋಗವೂ ಇದರಲ್ಲೇ ಅಡಗಿದೆ. ಎರಕದ ಕಬ್ಬಿಣ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಆದ್ದರಿಂದ ಕಂಬಗಳು ಸಪೂರವಾದವು, ಕಿಟಕಿಗಳು ಹಿಗ್ಗಿದವು, ವಿದ್ಯುತ್ತಿಲ್ಲದ ಕಾಲದಲ್ಲಿ ಹಗಲ ಬೆಳಕು ಒಳಗಿನವರೆಗೂ ಹರಿಯಿತು. ಇಂಥ ತೆರೆದ, ಬೆಳಕಿನ ಮಹಡಿಗೆ ಒಂದೇ ಕಸುಬಿನ ಹಂಗಿಲ್ಲ. ಈಗ ಸೋಹೊ ಎನ್ನುವ ಈ ಪ್ರದೇಶದ ಮಳಿಗೆಗಳು ಮುಂದೆ ಗೋದಾಮುಗಳಾದವು, ಕಾರ್ಯಾಗಾರಗಳಾದವು. 1960ರ ದಶಕದಲ್ಲಿ ಕಲಾವಿದರು ಲಾಫ್ಟು ಎಂದು ಕರೆಯುವ ಆ ತೆರೆದ ಮಹಡಿಗಳಲ್ಲಿ ಬಿಡಾರ ಹೂಡಿದರು, ಬಹುಮಟ್ಟಿಗೆ ನಿಯಮ ಮೀರಿಯೇ. 1971ರಲ್ಲಿ ನಗರಾಡಳಿತ ಅವರ ವಾಸವನ್ನು ಮಾನ್ಯಮಾಡಿತು.

ಅಷ್ಟರೊಳಗೆ ಕಟ್ಟಡವೇ ಇಲ್ಲವಾಗುವ ಅಪಾಯ ಎದುರಾಗಿತ್ತು. ನಗರದ ಪ್ರಭಾವಿ ಯೋಜಕ ರಾಬರ್ಟ್ ಮೋಸಸ್ ಬೆಂಬಲಿಸಿದ ಕೆಳ ಮ್ಯಾನ್‌ಹಟನ್ ಹೆದ್ದಾರಿ ಬ್ರೂಮ್ ಬೀದಿಯ ಮೇಲೇ ಹಾಯಬೇಕಿತ್ತು. ನಗರಗಳ ಕುರಿತು ಬರೆಯುತ್ತಿದ್ದ ಲೇಖಕಿ ಜೇನ್ ಜೇಕಬ್ಸ್ ಮೊದಲಾದವರು ಅದರ ವಿರುದ್ಧ ನಿಂತರು. 1965ರಲ್ಲಿ ಹೌವೌಟ್ ಕಟ್ಟಡಕ್ಕೆ ನಗರದ ಸಂರಕ್ಷಿತ ಸ್ಮಾರಕದ ಸ್ಥಾನ ದೊರೆಯಿತು, 1969ರಲ್ಲಿ ಹೆದ್ದಾರಿಯನ್ನು ಕೈಬಿಡಲಾಯಿತು. ಒಂದು ಕಟ್ಟಡ ಉಳಿದರೆ ಸಾಲದು, ಬೀದಿಯೂ ಉಳಿಯಬೇಕೆಂಬ ವಾದ ಇನ್ನೂ ಬಾಕಿಯಿತ್ತು. ಅದಕ್ಕಾಗಿ ಮಾರ್ಗೊ ಗೇಲ್ 1970ರಲ್ಲಿ ಎರಕ ಕಬ್ಬಿಣ ವಾಸ್ತುವಿನ ಅಭಿಮಾನಿಗಳ ಸಂಘ ಕಟ್ಟಿದರು. ಬಣ್ಣದಡಿಯಲ್ಲಿ ಕಲ್ಲಿನಂತೆ ಕಾಣುವ ಕಬ್ಬಿಣವನ್ನು ಗುರುತಿಸಲು ಆಕೆ ಜನರ ಕೈಗೆ ಪುಟ್ಟ ಅಯಸ್ಕಾಂತ ಕೊಡುತ್ತಿದ್ದರು. 1973ರಲ್ಲಿ ಸೋಹೊ ಎರಕ ಕಬ್ಬಿಣ ಐತಿಹಾಸಿಕ ವಲಯ ಘೋಷಣೆಯಾಯಿತು.