ಕಟ್ಟಾ ನಂಬಿಕೆಯೊಳಗೆ ಹುಟ್ಟಿದ ಸಹಿಷ್ಣುತೆ

1672ರ ಆಗಸ್ಟ್‌ನಲ್ಲಿ ಎಪ್ಪತ್ತರ ಆಸುಪಾಸಿನ ಮುದುಕನೊಬ್ಬ ಅಮೆರಿಕದ ಪೂರ್ವ ಕರಾವಳಿಯ ಪ್ರಾವಿಡೆನ್ಸ್‌ನಿಂದ ನ್ಯೂಪೋರ್ಟ್‌ವರೆಗೆ, ಸುಮಾರು 30 ಮೈಲಿ, ದೋಣಿಗೆ ಹುಟ್ಟು ಹಾಕುತ್ತ ಹೋದ. ತಲುಪುವಾಗ ನಡುರಾತ್ರಿ ಸಮೀಪಿಸಿತ್ತು. ಹೋದದ್ದು ಕ್ವೇಕರ್ ಪಂಥದವರೊಡನೆ ವಾದಿಸಲು. ಅವರ ಬೋಧನೆ ಬೈಬಲ್‌ಗೆ ವಿರುದ್ಧ ಎಂಬುದರಲ್ಲಿ ಆತನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಆದರೆ ಆ ಕ್ವೇಕರರು ನಿರ್ಭಯವಾಗಿ ಬಾಳುತ್ತಿದ್ದುದು ಆತನೇ ಅಡಿಪಾಯ ಹಾಕಿದ ರೋಡ್ ಐಲೆಂಡ್ ವಸಾಹತಿನಲ್ಲಿ. ಆತ ರೋಜರ್ ವಿಲಿಯಮ್ಸ್.

ಯಾವ ಮತವನ್ನೂ ಗಟ್ಟಿಯಾಗಿ ಹಿಡಿಯದವನು ಮಾತ್ರ ಸಹಿಷ್ಣುವಾಗಿರಬಲ್ಲ ಎಂಬ ಮಾತು ಇಂದು ಸಾಮಾನ್ಯ. ವಿಲಿಯಮ್ಸ್ ಈ ಅಳತೆಗೆ ಸಿಕ್ಕುವವನಲ್ಲ. 1631ರಲ್ಲಿ ಇಂಗ್ಲೆಂಡಿನಿಂದ ಬಾಸ್ಟನ್‌ಗೆ ಬಂದ ಈ ಪ್ಯೂರಿಟನ್ ಬೋಧಕನಿಗೆ ಅಲ್ಲಿನ ಚರ್ಚೇ ಸಾಕಷ್ಟು ಶುದ್ಧವೆನಿಸಲಿಲ್ಲ! ದೇವರಿಗೆ ಸಂಬಂಧಿಸಿದ ಆಜ್ಞೆಗಳನ್ನು ಮೀರಿದವರನ್ನು ದಂಡಿಸುವ ಹಕ್ಕು ಸರ್ಕಾರಕ್ಕಿಲ್ಲ ಎಂದೂ ಆತ ಸಾರಿದ. ರಾಜನ ಸನ್ನದಿನಿಂದ ಮೂಲನಿವಾಸಿಗಳ ನೆಲ ದಕ್ಕುವುದಿಲ್ಲ ಎಂಬ ಮಾತು ಆಡಳಿತಗಾರರನ್ನು ಇನ್ನಷ್ಟು ಕೆರಳಿಸಿತು. 1635ರಲ್ಲಿ ಗಡೀಪಾರಿನ ಆಜ್ಞೆಯಾಯಿತು. ಮರುವರ್ಷ ಜನವರಿಯ ಹಿಮದಲ್ಲಿ ಹೊರಟವನಿಗೆ ಆಸರೆಯಾದವರು ಆ ಮೂಲನಿವಾಸಿಗಳೇ. ನರಗಾನ್‌ಸೆಟ್ ಮುಖಂಡರಿಂದ ಪಡೆದ ನೆಲದಲ್ಲಿ ಪ್ರಾವಿಡೆನ್ಸ್ ಹುಟ್ಟಿತು.

ಆತನ ವಾದದ ಬೇರು ಬೈಬಲ್‌ನಲ್ಲೇ ಇತ್ತು. ಗೋಧಿಯ ನಡುವಿನ ಕಳೆಯನ್ನು ಸುಗ್ಗಿಯವರೆಗೆ ಬೆಳೆಯಲು ಬಿಡಿ ಎಂದು ಯೇಸು ಹೇಳಿದ ಸಾಮತಿಯನ್ನು ಆತ ಮತ್ತೆ ಮತ್ತೆ ಎತ್ತಿದ. ನಂಬಿಕೆ ದೇವರ ಕೊಡುಗೆಯಾದರೆ ಅದನ್ನು ಕತ್ತಿಯಿಂದ ಹುಟ್ಟಿಸುವುದು ಹೇಗೆ? ಬಲವಂತದಿಂದ ಮಾಡಿಸಿದ ಪ್ರಾರ್ಥನೆ ಕಪಟವಷ್ಟೇ ಅಲ್ಲ, ದೇವರಿಗೆ ಅಪಚಾರ. 1644ರಲ್ಲಿ ಲಂಡನ್‌ನಲ್ಲಿ ಹೊರಬಂದ ಈ ವಾದದ ಪುಸ್ತಕವನ್ನು ಸುಡುವಂತೆ ಪಾರ್ಲಿಮೆಂಟ್ ಆಜ್ಞಾಪಿಸಿತು. ಕ್ಯಾಥೊಲಿಕರು, ಯೆಹೂದಿಗಳು, ಮುಸ್ಲಿಮರಿಗೂ ಆತ ಕೇಳಿದ್ದು ಇದೇ ಸ್ವಾತಂತ್ರ್ಯವನ್ನು. ಸಹಿಷ್ಣುತೆಯ ಪಿತಾಮಹನೆನಿಸಿದ ಜಾನ್ ಲಾಕ್ 1689ರಲ್ಲೂ ನಾಸ್ತಿಕರನ್ನು ಹೊರಗಿಟ್ಟಿದ್ದನ್ನು ನೆನೆದರೆ ಇದರ ವಿಸ್ತಾರ ತಿಳಿದೀತು.

ಹಾಗೆಂದು ಸರ್ಕಾರ ಬೇಡವೆಂದಲ್ಲ. 1655ರ ಪತ್ರವೊಂದರಲ್ಲಿ ಆತ ಸಮಾಜವನ್ನು ಹಡಗಿಗೆ ಹೋಲಿಸಿದ: ಪ್ರಯಾಣಿಕರನ್ನು ಹಡಗಿನ ಪ್ರಾರ್ಥನೆಗೆ ಎಳೆಯಬಾರದು, ಆದರೆ ದಾರಿ, ಶಿಸ್ತು, ಸುರಕ್ಷೆಯ ವಿಷಯದಲ್ಲಿ ಕಪ್ತಾನನ ಮಾತೇ ಅಂತಿಮ.

ಈ ತತ್ವಕ್ಕೆ ಅಗ್ನಿಪರೀಕ್ಷೆ ತಂದವರು ಕ್ವೇಕರರು. 1657ರಲ್ಲಿ ನೆರೆಯ ವಸಾಹತುಗಳು ಅವರನ್ನು ಹೊರಗಟ್ಟುವಂತೆ ಒತ್ತಾಯಿಸಿದಾಗ ರೋಡ್ ಐಲೆಂಡ್ ಒಪ್ಪಲಿಲ್ಲ. ಬಾಸ್ಟನ್ 1659ರಿಂದ 1661ರೊಳಗೆ ನಾಲ್ವರನ್ನು ಗಲ್ಲಿಗೇರಿಸಿತು. ವಿಲಿಯಮ್ಸ್ ಎತ್ತಿದ್ದು 14 ಆಕ್ಷೇಪಗಳನ್ನು. ನ್ಯೂಪೋರ್ಟ್‌ನಲ್ಲಿ ಮೂರು ದಿನ, ಪ್ರಾವಿಡೆನ್ಸ್‌ನಲ್ಲಿ ಒಂದು ದಿನ ವಾದ ನಡೆಯಿತು. ಆತನ ಮಾತು ಮೃದುವಾಗಿರಲಿಲ್ಲ, ಎದುರಾಳಿಗಳದೂ ಅಷ್ಟೆ. ಒಬ್ಬರೂ ಮನಸ್ಸು ಬದಲಿಸಲಿಲ್ಲ. 1676ರಲ್ಲಿ ಆತ ಆ ವಾದವನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ, ಅದೂ ತನ್ನನ್ನು ಗಡೀಪಾರು ಮಾಡಿದ ಬಾಸ್ಟನ್‌ನಲ್ಲಿ. ಕ್ವೇಕರರು ಅದಕ್ಕೊಂದು ಖಂಡನೆಯ ಪುಸ್ತಕ ಬರೆದರು.