ಮಲೆನಾಡಿನ ಹಳ್ಳದಂಡೆಯ ಜೀವಿಗಳು

ಹಳ್ಳದಂಡೆಯ ಜೀವಿಗಳು ಎಂದರೆ ಹಳ್ಳ, ತೊರೆ ಮತ್ತು ಹೊಳೆಗಳ ಅಂಚಿನಲ್ಲಿ, ನೀರು ಹಾಗೂ ನೆಲ ಕೂಡುವ ಕಿರಿದಾದ ತೇವದ ಪಟ್ಟಿಯಲ್ಲಿ ಬದುಕುವ ಸಸ್ಯಗಳು ಮತ್ತು ಪ್ರಾಣಿಗಳು. ಪಶ್ಚಿಮ ಘಟ್ಟದಲ್ಲಿ ಇವು ಮಳೆಗಾಲದ ನೆರೆ ಮತ್ತು ಬೇಸಿಗೆಯ ಒಣಹವೆ ಎರಡನ್ನೂ ಎದುರಿಸಬೇಕಾಗುತ್ತದೆ. ಇಲ್ಲಿನ ಬಹುತೇಕ ಜೀವಿಗಳಿಗೆ ದಂಡೆಯ ಮರಗಳ ಬೇರು ಮತ್ತು ನೆರಳೇ ಆಧಾರ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಇಂತಹ ಜೀವಿಗಳ ಪ್ರಮುಖ ನೆಲೆಗಳಲ್ಲಿ ಒಂದಾಗಿದೆ.

ಸಸ್ಯಗಳು

ಮುಂಡಿಗೆ, ವಾಟೆ ಬಿದಿರು, ಹೊಂಗೆ ಮತ್ತು ನೇರಳೆಯ ಹಲವು ಪ್ರಭೇದಗಳು ದಂಡೆಯಲ್ಲಿ ಬೆಳೆಯುತ್ತವೆ. ಇವುಗಳ ಬೇರುಗಳು ಮಣ್ಣನ್ನು ಹಿಡಿದಿಟ್ಟು ಕೊರೆತವನ್ನು ತಗ್ಗಿಸುತ್ತವೆ. ವರ್ಷದ ಬಹುಕಾಲ ನೀರು ನಿಲ್ಲುವ ತಗ್ಗುಗಳಲ್ಲಿ ಜಾಯಿಕಾಯಿ ಕುಟುಂಬದ ಕಾಡುಮರಗಳ ಜೌಗುಗಳಿವೆ. ಕೆಸರಿನಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಈ ಮರಗಳ ಕೆಲವು ಬೇರುಗಳು ಮೊಣಕಾಲಿನಂತೆ ಬಾಗಿ ಮೇಲೆದ್ದು ಉಸಿರಾಡುತ್ತವೆ. 2000ರಲ್ಲಿ ವಿವರಿಸಲ್ಪಟ್ಟ, ಗೇರು ಕುಟುಂಬದ ಅತಿ ವಿರಳ ಮರವಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ತನ್ನ ಹೆಸರನ್ನು ಈ ಕಾಡಿನಿಂದಲೇ ಪಡೆದಿದೆ.

ಪ್ರಾಣಿಗಳು

2014ರಲ್ಲಿ ವಿವರಿಸಲ್ಪಟ್ಟ ಕುಂಬಾರ ಕಪ್ಪೆ ಹಳ್ಳದಂಡೆಯ ಬದುಕಿಗೆ ಉತ್ತಮ ನಿದರ್ಶನ. ಹೆಣ್ಣು ನೀರಿನ ಮೇಲೆ ಚಾಚಿದ ಕಡ್ಡಿ ಅಥವಾ ಬಂಡೆಗೆ ಮೊಟ್ಟೆಗಳನ್ನು ಅಂಟಿಸಿ ಹೋದ ಬಳಿಕ, ಗಂಡು ಹಳ್ಳದ ಕೆಸರನ್ನು ತಂದು ಅವುಗಳಿಗೆ ಮೆತ್ತುತ್ತದೆ. ಮೊಟ್ಟೆಗಳು ಒಣಗದಂತೆ ಮತ್ತು ಭಕ್ಷಕರ ಕಣ್ಣಿಗೆ ಬೀಳದಂತೆ ಈ ಲೇಪ ನೆರವಾಗುತ್ತದೆ ಎಂದು ಭಾವಿಸಲಾಗಿದೆ. ಏಡಿಗಳನ್ನು ತಿನ್ನುವ ಸಣ್ಣ ಉಗುರಿನ ನೀರುನಾಯಿ, ಮಿಂಚುಳ್ಳಿ ಮತ್ತು ಕೊಡತಿಹುಳುಗಳು ಘಟ್ಟದ ತೊರೆಗಳ ಇತರ ನಿವಾಸಿಗಳು. ಮಂಗಟ್ಟೆಗಳು ಕಾಡುಜಾಯಿಕಾಯಿಯ ಬೀಜಗಳನ್ನು ಹರಡುತ್ತವೆ.

ಪರಸ್ಪರ ಅವಲಂಬನೆ

ನೆರಳು ದಟ್ಟವಾಗಿರುವ ಸಣ್ಣ ಹಳ್ಳಗಳಲ್ಲಿ ಪಾಚಿಯ ಬೆಳವಣಿಗೆ ಕಡಿಮೆ. ಅಲ್ಲಿ ಉದುರಿದ ಎಲೆಗಳೇ ಅನೇಕ ಜಲಕೀಟಗಳ ಮರಿಗಳಿಗೆ ಆಹಾರವಾಗುತ್ತವೆ. ಆ ಮರಿಗಳನ್ನು ಮೀನುಗಳು ತಿನ್ನುತ್ತವೆ. ಬೆಳೆದು ರೆಕ್ಕೆ ಪಡೆದ ಕೀಟಗಳು ದಂಡೆಯ ಜೇಡ, ಹಕ್ಕಿ ಮತ್ತು ಬಾವಲಿಗಳಿಗೆ ಆಹಾರವಾಗುತ್ತವೆ. ಹೀಗೆ ನೆಲದಿಂದ ನೀರಿಗೆ ಸೇರಿದ ಪೋಷಕಾಂಶಗಳ ಒಂದು ಭಾಗ ಮರಳಿ ನೆಲಕ್ಕೆ ಬರುತ್ತದೆ.

ಅಪಾಯಗಳು

ಜೌಗುಗಳನ್ನು ಗದ್ದೆ ಹಾಗೂ ಅಡಿಕೆ ತೋಟಗಳಾಗಿ ಪರಿವರ್ತಿಸುವುದು, ಹಳ್ಳದ ನೀರನ್ನು ಬೇರೆಡೆಗೆ ತಿರುಗಿಸುವುದು ಮತ್ತು ದಂಡೆಯ ಮರಗಳನ್ನು ಕಡಿಯುವುದು ಮುಖ್ಯ ಅಪಾಯಗಳಾಗಿವೆ. ನೆರಳು ಇಲ್ಲವಾದಾಗ ನೀರು ಬಿಸಿಯೇರಿ ಅದರಲ್ಲಿ ಕರಗಿರುವ ಆಮ್ಲಜನಕ ಕುಗ್ಗುತ್ತದೆ. ದಂಡೆಯ ತೇವವೂ ಆರುತ್ತದೆ. ಆದ್ದರಿಂದ ಹಳ್ಳದ ನೀರನ್ನಷ್ಟೇ ಉಳಿಸಿದರೆ ಸಾಲದು, ಅದರ ಇಕ್ಕೆಲಗಳ ಕಾಡಿನ ರಕ್ಷಣೆಯೂ ಅಗತ್ಯ.