ಬುನಾದಿ ಕಾಣದ ನೆಲ: ಸ್ವೀಡನ್ನಿನ ಪುರಾತನ ಭೂತೊಗಟೆಯ ಶೋಧ

ಮಧ್ಯ ಸ್ವೀಡನ್ನಿನ ಬೆರ್ಗ್ಸ್‌ಲಾಗೆನ್ ಪ್ರಾಂತದ ಕಬ್ಬಿಣ, ತಾಮ್ರದ ಗಣಿಗಳನ್ನು ಶತಮಾನಗಳಿಂದ ತೋಡುತ್ತ ಬಂದಿದ್ದಾರೆ. ಅಲ್ಲಿನ ಅದಿರಿಗೆ ಆಸರೆಯಾಗಿರುವುದು ಲೆಪ್ಟೈಟ್ ಎಂದು ಕರೆಯುವ ನುಣ್ಣನೆಯ ಕಣಗಳ ಶಿಲೆ. ಪೆರ್ ಗೈಯರ್ ಮತ್ತು ನಿಲ್ಸ್ ಮಾಗ್ನುಸನ್ 1944ರಲ್ಲಿ ಪ್ರಕಟಿಸಿದ ಬೃಹತ್ ಅಧ್ಯಯನದಲ್ಲಿ ಇದನ್ನು ಮಾರ್ಪಟ್ಟ ಜ್ವಾಲಾಮುಖಿ ಶಿಲೆಯೆಂದೇ ಪರಿಗಣಿಸಿದರು. ಬೂದಿ ಬಿದ್ದಿದೆಯೆಂದರೆ ಬೀಳಲು ಒಂದು ನೆಲ ಬೇಕಲ್ಲ? ಆ ನೆಲ ಎಲ್ಲೂ ಕಾಣಸಿಗುವುದಿಲ್ಲ. ಕೆಳಗೆ ಹೋದಂತೆ ಲೆಪ್ಟೈಟನ್ನು ಸೀಳಿ ನುಗ್ಗಿದ ಗ್ರಾನೈಟ್‌ಗಳೇ ಎದುರಾಗುತ್ತವೆ. ಮೈಸೂರಿನಲ್ಲೂ ಇಂಥದೇ ತಕರಾರಿತ್ತು: ಧಾರವಾಡದ ಶಿಸ್ಟ್‌ಗಳೇ ನೈಸ್‌ಗಿಂತ ಹಿರಿಯವೆಂದು ಭೂವಿಜ್ಞಾನಿ ಸ್ಮೀತ್ ವಾದಿಸಿದ್ದರು. ನಮ್ಮಲ್ಲಿ ಕೊನೆಗೂ ಬಾಬಾಬುಡನ್ ಶಿಲಾವರ್ಗದ ಅಡಿಯಲ್ಲಿ 300 ಕೋಟಿ ವರ್ಷ ಹಳೆಯ ನೈಸ್ ಪತ್ತೆಯಾಯಿತು. ಬೆರ್ಗ್ಸ್‌ಲಾಗೆನ್‌ನಲ್ಲಿ ಅಂಥದ್ದೇನೂ ಸಿಗಲಿಲ್ಲ. ಅಲ್ಲಿ ಬುನಾದಿ ಕರಗಿಹೋಯಿತು ಎನ್ನುವುದಕ್ಕಿಂತ, ಆರ್ಕಿಯನ್ ಎಂಬ ಅತಿ ಪುರಾತನ ಕಾಲದ ಬುನಾದಿ ಬಹುಮಟ್ಟಿಗೆ ಇರಲೇ ಇಲ್ಲ ಎನ್ನುವುದು ಸರಿಯೆಂಬುದು ಈ ಲೇಖನದ ವಾದ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಹಳೆಯದು, ಬಲವಾದದ್ದು. ಫಿನ್‌ಲೆಂಡಿನ ಭೂವಿಜ್ಞಾನಿ ಸೆಡರ್‌ಹೋಲ್ಮ್ 1907ರಲ್ಲಿ ಮಿಗ್ಮಟೈಟ್ ಎಂಬ ಹೆಸರು ಕೊಟ್ಟು, ಹಳೆಯ ಶಿಲೆಗಳು ಆಳದಲ್ಲಿ ಮತ್ತೆ ಕರಗಿ ಹೊಸ ಗ್ರಾನೈಟ್ ಆಗಬಲ್ಲವೆಂದು ತೋರಿಸಿದರು. ಹಾಗಿದ್ದರೆ ಸ್ವೀಡನ್ನಿನ ಗ್ರಾನೈಟ್ ಕೂಡ ವೇಷ ಬದಲಿಸಿದ ಹಳೆಯ ತೊಗಟೆಯೇ ಆಗಿರಬಹುದು. ಜಿರ್ಕಾನ್ ಹರಳುಗಳ ಯುರೇನಿಯಂ-ಸೀಸ ಕಾಲಗಣನೆ ಈ ಗ್ರಾನೈಟ್‌ಗಳಲ್ಲಿ ಹೆಚ್ಚಿನವನ್ನು ಸುಮಾರು 190ರಿಂದ 180 ಕೋಟಿ ವರ್ಷಗಳ ನಡುವೆ ನಿಲ್ಲಿಸಿತಾದರೂ ಪ್ರಶ್ನೆ ಬಗೆಹರಿಯಲಿಲ್ಲ. ಶಿಲಾರಸ ಯಾವಾಗ ಹೆಪ್ಪುಗಟ್ಟಿತೆಂದು ಅದು ಹೇಳುತ್ತದೆ. ಆ ದ್ರವ್ಯ ತೊಗಟೆಯ ಕೆಳಗಿನ ಮ್ಯಾಂಟಲ್ಲನ್ನು ಯಾವಾಗ ಬಿಟ್ಟು ಬಂತೆಂದು ಹೇಳುವುದಿಲ್ಲ.

ಅದನ್ನು ಹೇಳಿದ್ದು ನಿಯೋಡಿಮಿಯಂ. ಈ ಧಾತುವಿನ ಕಥೆ ಶುರುವಾಗುವುದೂ ಇದೇ ಬೆರ್ಗ್ಸ್‌ಲಾಗೆನ್‌ನಲ್ಲಿ. ರಿದಾರ್‌ಹಿತ್ತಾನ್ ಬಳಿಯ ಬಾಸ್ಟ್‌ನೆಸ್ ಗಣಿಯ ಭಾರವಾದ ಖನಿಜದಿಂದ ಬರ್ಸೀಲಿಯಸ್ ಮತ್ತು ಹಿಸಿಂಗರ್ 1803ರಲ್ಲಿ ಸೀರಿಯಂ ಗುರುತಿಸಿದರು. ಮುಂದೆ ಮೊಸಾಂಡರ್ ಅದರೊಳಗಿಂದ ಬೇರ್ಪಡಿಸಿದ ‘ಡಿಡಿಮಿಯಂ’ ಅನ್ನು 1885ರಲ್ಲಿ ಔವರ್ ಒಡೆದಾಗ ನಿಯೋಡಿಮಿಯಂ ಹೊರಬಂತು. ಮ್ಯಾಂಟಲ್ ಕರಗುವಾಗ ಸಮೇರಿಯಂಗಿಂತ ನಿಯೋಡಿಮಿಯಂ ಹೆಚ್ಚು ಸಲೀಸಾಗಿ ದ್ರವಕ್ಕೆ ಸೇರುತ್ತದೆ. ಸಮೇರಿಯಂ-147 ಕ್ಷಯಿಸಿ ನಿಯೋಡಿಮಿಯಂ-143 ಆಗುತ್ತದೆ. ಅದರ ಅರ್ಧಾಯುಷ್ಯ ಸುಮಾರು 10,600 ಕೋಟಿ ವರ್ಷ. ಆದ್ದರಿಂದ ತೊಗಟೆ ಹಳೆಯದಾದಷ್ಟೂ ಈ ಐಸೊಟೋಪಿನಲ್ಲಿ ಮ್ಯಾಂಟಲ್‌ಗಿಂತ ಹಿಂದೆ ಬೀಳುತ್ತದೆ, ಕರಗಿ ಮತ್ತೆ ಗ್ರಾನೈಟ್ ಆದರೂ ಆ ಕೊರತೆ ಅಳಿಯದು. 1985ರಲ್ಲಿ ವಿಲ್ಸನ್ ಮತ್ತು ಸಂಗಡಿಗರು ಸ್ವೀಡನ್ನಿನ ಗ್ರಾನೈಟ್‌ಗಳನ್ನು ಹೀಗೆ ಅಳೆದಾಗ ಬಹುಪಾಲಿನಲ್ಲಿ ಆರ್ಕಿಯನ್ ಗುರುತು ಕ್ಷೀಣವಾಗಿತ್ತು. 1993ರಲ್ಲಿ ಓಲಾಂಡರ್ ತಂಡ ಇದೇ ವಿಧಾನದಿಂದ ಉತ್ತರದಲ್ಲಿ ಲೂಲಿಯೋದಿಂದ ಯೊಕ್‌ಮೊಕ್ ಕಡೆಗೆ ಒಂದು ಗಡಿ ಗುರುತಿಸಿತು. ಅದರ ಉತ್ತರದ ಗ್ರಾನೈಟ್‌ಗಳಲ್ಲಿ ಆರ್ಕಿಯನ್ ಕೊರತೆ ಢಾಳಾಗಿದೆ, ದಕ್ಷಿಣದಲ್ಲಿ ಇಲ್ಲ. ನೆಲದ ಮೇಲೆ ಸಲೀಸಾಗಿ ಕಣ್ಣಿಗೆ ಬೀಳದ ಗಡಿಯಿದು.

ಆದರೆ ಬೆರಕೆಯ ಪ್ರಶ್ನೆ ಉಳಿಯುತ್ತದೆ. ಹಾಲಿಗೆ ನೀರು ಬೆರೆಸಿದಂತೆ, ಮ್ಯಾಂಟಲ್ ರಸಕ್ಕೆ ಒಂದಿಷ್ಟು ಹಳೆಯ ತೊಗಟೆ ಸೇರಿದರೂ ಇಡೀ ಕಲ್ಲನ್ನು ಅರೆದು ಅಳೆದಾಗ ನಡುವಿನ ಮೌಲ್ಯವೇ ಬರುತ್ತದೆ. ಇಲ್ಲಿ ಕೈಹಿಡಿದದ್ದು ಬಿಡಿ ಜಿರ್ಕಾನ್. ಬರಿಗಣ್ಣಿಗೆ ಸರಿಯಾಗಿ ಕಾಣದ ಒಂದೊಂದು ಹರಳಿನ ತಿರುಳು, ಅಂಚುಗಳನ್ನು ಬೇರೆಬೇರೆಯಾಗಿಯೇ ಅಯಾನು ಕಿರಣದಿಂದ ಚುಚ್ಚಿ ಓದಬಹುದು. 1993ರಲ್ಲಿ ಸ್ಟೆಫಾನ್ ಕ್ಲಾಸನ್ ಮತ್ತು ಸಹೋದ್ಯೋಗಿಗಳು ಸ್ವೆಕೊಫೆನ್ನಿಯನ್ ಎಂದು ಕರೆಯುವ, ಸ್ವೀಡನ್-ಫಿನ್‌ಲೆಂಡಿನ ಪ್ರಾಚೀನ ಮರಳು ಶಿಲಾಸ್ತರಗಳ ಜಿರ್ಕಾನ್‌ಗಳನ್ನು ಹೀಗೆ ಪರೀಕ್ಷಿಸಿದಾಗ ಆರ್ಕಿಯನ್ ಹರಳುಗಳ ಜೊತೆಗೆ 210ರಿಂದ 190 ಕೋಟಿ ವರ್ಷದ ಹರಳುಗಳು ಧಾರಾಳವಾಗಿ ಸಿಕ್ಕವು. 2011ರಲ್ಲಿ ಉಲ್ಫ್ ಆಂಡರ್ಸನ್ ಮತ್ತಿತರರು ಸ್ವೀಡನ್ನಿನ ಗ್ರಾನೈಟ್ ಜಿರ್ಕಾನ್‌ಗಳಲ್ಲಿ, ನಿಯೋಡಿಮಿಯಂನಂತೆಯೇ ಮೂಲದ ಗುರುತು ಹೇಳುವ ಹಾಫ್ನಿಯಂ ಅಳೆದಾಗಲೂ ಆರ್ಕಿಯನ್ ತೊಗಟೆಗೆ ದೊಡ್ಡ ಪಾಲು ಕೊಡಬೇಕಾದ ಒತ್ತಾಯ ಕಾಣಲಿಲ್ಲ. ನನ್ನ ಮಟ್ಟಿಗೆ ಇಲ್ಲಿ ವಾದವನ್ನು ತುಸು ತಿದ್ದಿಕೊಳ್ಳಬೇಕು: ಬುನಾದಿ ಇತ್ತು, ಆದರೆ ಅದು ಲೆಪ್ಟೈಟ್‌ಗಿಂತ ಹತ್ತಿಪ್ಪತ್ತು ಕೋಟಿ ವರ್ಷವಷ್ಟೇ ಹಿರಿಯದು. ಅಷ್ಟು ಎಳೆಯ ತೊಗಟೆಗೂ ಮ್ಯಾಂಟಲ್ಲಿಗೂ ನಿಯೋಡಿಮಿಯಂನಲ್ಲಿ ಹೆಚ್ಚು ಅಂತರ ಬೆಳೆದಿರುವುದಿಲ್ಲ. ಅದು ಅಡಗಿ ಕೂತದ್ದು ಹಾಗೆ. ವೆಸ್ಟರ್‌ಬಾಟನ್‌ನ ಕ್ನಾಫ್ಟೆನ್‌ನಲ್ಲಿ ಸಿಕ್ಕ ಸುಮಾರು 195 ಕೋಟಿ ವರ್ಷದ ಗ್ರಾನೈಟ್ ತರಹದ ಶಿಲೆ ಅದರ ತುಣುಕಿರಬಹುದು. ಲಾಹ್ಟಿನೆನ್ ಮತ್ತಿತರರು 2005ರಲ್ಲಿ ಇಂಥ ಕೆಲವು ಕಿರುಖಂಡಗಳನ್ನೇ ಊಹಿಸಿದ್ದಾರೆ.

ಆ ಎಳೆಯ ತೊಗಟೆ ಹುಟ್ಟಿದ್ದು ಹೇಗೆಂಬುದಕ್ಕೆ ಮ್ಯಾಂಟಲ್ ಕಡೆಯ ಸಾಕ್ಷ್ಯ ಸಮುದ್ರದಿಂದ ಬಂತು. 1989ರ ಬಾಬೆಲ್ ಯೋಜನೆಯಲ್ಲಿ ಬೊತ್ನಿಯಾ ಕೊಲ್ಲಿಯ ಮೇಲೆ ಹಡಗು ಗಾಳಿಬಂದೂಕಿನ ಸದ್ದು ಹಾಯಿಸಿ, ಮರಳಿದ ಅಲೆಗಳನ್ನು ದಾಖಲಿಸಿತು. ಸ್ಕೆಲೆಫ್ಟೆಯೊ ಕರಾವಳಿಯಾಚೆ ತೊಗಟೆಯ ತಳ ದಾಟಿ ಮ್ಯಾಂಟಲ್ಲಿನೊಳಕ್ಕೆ ಓರೆಯಾಗಿ ಇಳಿಯುವ ಪ್ರತಿಫಲಕ ಕಂಡಿತು. ಮರುವರ್ಷ ‘ನೇಚರ್’ ಪತ್ರಿಕೆಯಲ್ಲಿ ತಂಡ ಅದನ್ನು ಒಂದು ಶಿಲಾಫಲಕ ಇನ್ನೊಂದರಡಿ ಜಾರಿದ ಪಳೆಯುಳಿಕೆಯೆಂದು ಓದಿತು. ಪ್ರತಿಫಲಕಕ್ಕೆ ವಯಸ್ಸಿನ ಮುದ್ರೆಯಿಲ್ಲ, ಆಮೇಲಿನ ಬಿರುಕೊಂದೂ ಹಾಗೆ ಕಾಣಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ಉತ್ತರದತ್ತ ಇಳಿಯುವ ದಿಕ್ಕಿಗೇ ಸರಿಯಾಗಿ, ಅದರ ಮೇಲ್ಭಾಗದಲ್ಲಿ, ಸುಮಾರು 189 ಕೋಟಿ ವರ್ಷ ಹಳೆಯ ಸ್ಕೆಲೆಫ್ಟೆಯೊ ಜ್ವಾಲಾಮುಖಿ ಪಟ್ಟಿ ಹರಡಿದೆ. ಬಿರುಕಿನ ವಾದ ನಿಲ್ಲಬೇಕಾದರೆ, ಜ್ವಾಲಾಮುಖಿಗಳೂ ಪ್ರತಿಫಲಕವೂ ಅಲ್ಲೇ ಒಟ್ಟಾದದ್ದು ಆಕಸ್ಮಿಕವೆಂದು ಅದು ಮೊದಲು ತೋರಿಸಬೇಕಾಗುತ್ತದೆ.